ಡಿಶ್‌ವಾಷರ್ ಸೋರುತ್ತಿದೆಯೇ? ಸ್ಪ್ಯಾನರ್ ಹಿಡಿಯುವ ಮೊದಲು ಮಾಡಬೇಕಾದ್ದು, ಆಮೇಲೆ ಮಾಡಬೇಕಾದ್ದು

ಬಾಗಿಲಿನ ರಬ್ಬರ್ ಬದಲಿಸಿಯೂ ನೆಲ ಒದ್ದೆಯಾಗುತ್ತಲೇ ಇದೆ. ಸೋರುವ ಡಿಶ್‌ವಾಷರ್ ಬಗ್ಗೆ ಅತಿ ಹೆಚ್ಚು ಕೇಳಿಬರುವ ದೂರು ಇದು. ನೀರು ಬಾಗಿಲ ಕೆಳಗೆ ಕಂಡಿತು, ಅಂದಮೇಲೆ ಹಾಳಾದದ್ದು ರಬ್ಬರೇ ಎಂಬುದು ಎಲ್ಲರ ಲೆಕ್ಕ. ಆದರೆ ನೀರು ಕಾಣಿಸುವ ಜಾಗ ಒಂದು, ಹೊರಡುವ ಜಾಗ ಇನ್ನೊಂದು. ಹಿಂಬದಿಯ ಪೈಪಿನಿಂದ ತೊಟ್ಟಿಕ್ಕಿದ ನೀರೂ ಯಂತ್ರದ ಅಡಿಯಲ್ಲೇ ಹರಿದು, ನೆಲದ ಇಳಿಜಾರು ಹಿಡಿದು, ಕೊನೆಗೆ ಮುಂದೆ ಬಂದೇ ನಿಲ್ಲಬಹುದು.

ಹಾಗಾಗಿ ಇಲ್ಲಿ ಹೇಳಿದ ಕ್ರಮ ತಪ್ಪಿಸಬೇಡಿ. ನೀರು ಯಾವ ಹೊತ್ತಿಗೆ ಬರುತ್ತದೆ ಎನ್ನುವುದು ಮೊದಲು, ಎಲ್ಲಿಂದ ಬರುತ್ತದೆ ಎನ್ನುವುದು ಆಮೇಲೆ. ಬಿಚ್ಚುವ ಕೆಲಸ ಏನಿದ್ದರೂ ಕೊನೆಗೆ. ಎಷ್ಟೋ ಸೋರಿಕೆಗಳು ಯಂತ್ರದ ಒಳಭಾಗವನ್ನು ಬಿಚ್ಚದೆಯೇ 4ನೇ ಹಂತದಲ್ಲೇ ಮುಗಿದುಹೋಗುತ್ತವೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

ಟಾರ್ಚ್, ಒಣ ಟಿಶ್ಯೂ ಅಥವಾ ಹಳೆಯ ಪತ್ರಿಕೆ, ಎರಡು ಮೂರು ದಪ್ಪ ಟವೆಲ್, ಅಗಲ ಬಾಯಿಯ ತಗ್ಗು ಪಾತ್ರೆ, ಸ್ಪಂಜು, ರಸಮಟ್ಟ, ಸ್ಕ್ರೂಡ್ರೈವರ್‌ಗಳು, ಇಕ್ಕಳ, ರಬ್ಬರ್ ಕೈಗವಸು, ಅಡುಗೆಗೆ ಬಳಸುವ ಬಣ್ಣದ ಸಣ್ಣ ಸೀಸೆ. ಕೆಲವು ಯಂತ್ರಗಳಲ್ಲಿ ನಕ್ಷತ್ರದ ತಲೆಯ ಟಾರ್ಕ್ಸ್ ಸ್ಕ್ರೂಗಳಿರುತ್ತವೆ. ಅವಕ್ಕೆ ಸರಿಯಾದ ಬಿಟ್ ಇಲ್ಲದಿದ್ದರೆ ಬೇರೇನನ್ನೋ ತುರುಕಿ ತಲೆ ಸವೆಸಬೇಡಿ.

ಸಿಲಿಕೋನ್ ಸೀಲೆಂಟ್ ಈ ಪಟ್ಟಿಯಲ್ಲಿ ಇಲ್ಲ. ಅದು ಬೇಕಾಗುವುದೂ ಇಲ್ಲ.

## ಹಂತ 1: ಮೊದಲು ಕರೆಂಟು, ಆಮೇಲೆ ನೀರು

ನೆಲದಲ್ಲಿ ನೀರು ನಿಂತಿದ್ದರೆ ಅದರ ಮೇಲೆ ನಿಂತು ಪ್ಲಗ್ ಕೀಳಬೇಡಿ. ಸ್ವಿಚ್‌ಬೋರ್ಡ್‌ನ ಎಂಸಿಬಿಯನ್ನೇ (ಕರೆಂಟು ಕಡಿಯುವ ಸ್ವಿಚ್ಚನ್ನೇ) ಕೆಳಗಿಳಿಸಿ, ನಂತರ ಪ್ಲಗ್ ತೆಗೆಯಿರಿ. ಯಂತ್ರದ ಗುಂಡಿ ಒತ್ತಿ ಆಫ್ ಮಾಡಿದರೆ ಸಾಲದು, ಒಳಗಿನ ತಂತಿಗಳಿಗೆ ಕರೆಂಟು ಬರುತ್ತಲೇ ಇರುತ್ತದೆ.

ಆಮೇಲೆ ಡಿಶ್‌ವಾಷರಿಗೆ ನೀರು ಕೊಡುವ ನಲ್ಲಿಯನ್ನು ಪೂರ್ತಿ ಮುಚ್ಚಿ. ವರ್ಷಗಟ್ಟಲೆ ತಿರುಗಿಸದ ನಲ್ಲಿ ಬಿಗಿದುಕೊಂಡಿರುತ್ತದೆ. ಬಲ ಹಾಕಿ ಮುರಿಯುವ ಬದಲು ಮನೆಯ ಮುಖ್ಯ ವಾಲ್ವ್ ಮುಚ್ಚುವುದು ಕ್ಷೇಮ. ತೊಳೆಯುವ ನಡುವೆಯೇ ನಿಲ್ಲಿಸಬೇಕಾಗಿ ಬಂದರೆ ಬಾಗಿಲನ್ನು ಒಮ್ಮೆಲೇ ತೆರೆಯಬೇಡಿ. ಒಳಗಿನ ನೀರು 50ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬಹುದು. ಸ್ವಲ್ಪವೇ ತೆರೆದು, ಚಿಮ್ಮುವ ಸದ್ದು ಅಡಗಿದ ಮೇಲೆ ಪೂರ್ತಿ ತೆರೆಯಿರಿ.

## ಹಂತ 2: ಇದು ನಿಜಕ್ಕೂ ಡಿಶ್‌ವಾಷರಿನ ಸೋರಿಕೆಯೇ?

ಕಟ್ಟೆಯ ಅಡಿಭಾಗದಲ್ಲಿ ಅಥವಾ ಬಾಗಿಲಿನ ಮೇಲಂಚಿನಲ್ಲಿ ಸಣ್ಣ ಹನಿಗಳು ಮಾತ್ರ ಇದ್ದು, ಅವೂ ತೊಳೆದು ಮುಗಿದ ಮೇಲಷ್ಟೇ ಕಂಡರೆ ಅದು ಹಬೆ ತಣಿದು ಆದ ನೀರು. ಮುಗಿದೊಡನೆ ಬಾಗಿಲು ತಾನೇ ತೆರೆದುಕೊಳ್ಳುವ ಮಾದರಿಗಳಲ್ಲಿ ಇದು ಮಾಮೂಲು.

ಸಿಂಕಿನ ಕೆಳಗಿನ ಕಪಾಟು ತೆರೆದು ಅಲ್ಲಿನ ಪೈಪುಗಳ ಕೀಲುಗಳನ್ನೆಲ್ಲ ಟಿಶ್ಯೂವಿನಿಂದ ಒರೆಸಿ. ಡಿಶ್‌ವಾಷರ್ ಆಫ್ ಇರುವಾಗಲೇ ಸಿಂಕಿಗೆ ಒಂದು ಬಕೆಟ್ ನೀರು ಸುರಿಯಿರಿ. ಈಗಲೇ ಒದ್ದೆಯಾದರೆ ತಪ್ಪು ಸಿಂಕಿನದು, ನೀವು ಇಷ್ಟು ಹೊತ್ತು ಬೈದದ್ದು ಬಡಪಾಯಿ ಯಂತ್ರವನ್ನು.

## ಹಂತ 3: ಯಾವ ಹೊತ್ತಿಗೆ ಸೋರುತ್ತದೆ?

ಹೆಚ್ಚಿನವರು ಹಾರಿಸಿಬಿಡುವ ಹಂತ ಇದು. ಇಲ್ಲಿ ಕಳೆಯುವ ಒಂದು ಗಂಟೆ ಮುಂದಿನ ಅನಗತ್ಯ ಖರ್ಚನ್ನೆಲ್ಲ ತಪ್ಪಿಸುತ್ತದೆ.

ಯಂತ್ರದ ಕೆಳಗಿನ ಮುಂಪಟ್ಟಿಯನ್ನು ತೆಗೆಯಿರಿ. ಸಾಮಾನ್ಯವಾಗಿ ಎರಡು ಸ್ಕ್ರೂ ಅಥವಾ ಕ್ಲಿಪ್ ಇರುತ್ತವೆ. ನೆಲ ಪೂರ್ತಿ ಒರೆಸಿ, ಒಣ ಪತ್ರಿಕೆಯನ್ನು ಅಡಿಗೆ ಆದಷ್ಟು ಹಿಂದಿನವರೆಗೆ ಹಾಸಿ. ನಲ್ಲಿ ತೆರೆದು, ಪ್ಲಗ್ ಸಿಕ್ಕಿಸಿ, ಎಂಸಿಬಿ ಏರಿಸಿ. ಪಾತ್ರೆ, ಸೋಪು ಏನೂ ಹಾಕದೆ ಅತಿ ಚಿಕ್ಕ ಪ್ರೋಗ್ರಾಂ ಹಚ್ಚಿ, ಟಾರ್ಚ್ ಹಿಡಿದು ಪಕ್ಕದಲ್ಲೇ ಕೂತುಕೊಳ್ಳಿ. ಕೈಯನ್ನು ಮಾತ್ರ ಅಡಿಗೆ ಹಾಕಬೇಡಿ, ಈಗ ಕರೆಂಟು ಇದೆ.

ಸದ್ದಿಗೆ ಕಿವಿಗೊಡಿ. ಮೊದಲು ನೀರು ತುಂಬುವ ಸುಯ್ ಸದ್ದು, ಆಮೇಲೆ ಒಳಗೋಡೆಗೆ ನೀರು ಬಡಿಯುವ ಲಯಬದ್ಧ ಸದ್ದು, ಕೊನೆಗೆ ಪಂಪ್ ಗೊರಗೊರ ಎನ್ನುತ್ತ ನೀರು ಹೊರಹಾಕುವ ಸದ್ದು. ಪತ್ರಿಕೆಯ ಮೇಲೆ ಮೊದಲ ಕಲೆ ಎಲ್ಲಿ, ಯಾವ ಸದ್ದಿನ ಹೊತ್ತಿಗೆ ಬಿತ್ತು ಎಂದು ಬರೆದಿಡಿ.

ತುಂಬುವಾಗ ಬಿದ್ದರೆ: ನಲ್ಲಿಯಿಂದ ಯಂತ್ರಕ್ಕೆ ಬರುವ ಇನ್‌ಲೆಟ್ ಪೈಪ್, ಅದರ ವಾಷರ್, ನೀರನ್ನು ಒಳಬಿಡುವ ಇನ್‌ಲೆಟ್ ವಾಲ್ವ್. 7 ಮತ್ತು 8ನೇ ಹಂತ.

ತೊಳೆಯುವಾಗ ಬಿದ್ದರೆ: ಬಾಗಿಲು, ಸ್ಪ್ರೇ ಆರ್ಮ್ (ತಿರುಗುತ್ತ ನೀರು ಚಿಮ್ಮಿಸುವ ತೋಳು), ಅಥವಾ ಅಡಿಯ ಪಂಪಿನ ಸೀಲ್. 5, 6 ಮತ್ತು 9ನೇ ಹಂತ.

ನೀರು ಹೊರಹಾಕುವಾಗ ಮಾತ್ರ ಬಿದ್ದರೆ: ಡ್ರೈನ್ ಪೈಪ್, ಅದನ್ನು ಬಿಗಿಹಿಡಿಯುವ ಕ್ಲಾಂಪ್, ಇಲ್ಲವೇ ಕಟ್ಟಿಕೊಂಡ ಮನೆಯ ಕೊಳವೆ. 7ನೇ ಹಂತ.

ಯಂತ್ರ ಆಫ್ ಇರುವಾಗಲೂ ಒದ್ದೆಯಾದರೆ: ಸದಾ ಒತ್ತಡದಲ್ಲಿರುವ ಇನ್‌ಲೆಟ್ ಪೈಪನ್ನೂ ಅದರ ಕೀಲುಗಳನ್ನೂ ಮೊದಲು ನೋಡಿ, ಆಮೇಲೆ ಮುಚ್ಚಿಕೊಳ್ಳದ ಇನ್‌ಲೆಟ್ ವಾಲ್ವನ್ನು.

ಖಾಲಿ ಓಡಿಸಿದಾಗ ಒಂದು ಹನಿಯೂ ಬೀಳದಿದ್ದರೆ: ಒಳ್ಳೆಯ ಸುದ್ದಿ. ತೊಂದರೆ ಸೋಪಿನದೋ ಪಾತ್ರೆ ಜೋಡಣೆಯದೋ ಆಗಿರುವ ಸಾಧ್ಯತೆ ಹೆಚ್ಚು. ನೇರ 4ನೇ ಹಂತಕ್ಕೆ ಹೋಗಿ.

ಕಲೆ ಬಿತ್ತು, ಮೂಲ ಮಾತ್ರ ತಿಳಿಯಲಿಲ್ಲ ಎನ್ನುವವರಿಗೆ ಬಣ್ಣದ ಸೀಸೆ. ನೀರು ತುಂಬಿದ ಮೇಲೆ ಯಂತ್ರ ನಿಲ್ಲಿಸಿ, ತೊಟ್ಟಿಯೊಳಗೆ ಕೆಲವೇ ಹನಿ ಬಣ್ಣ ಹಾಕಿ, ಬಾಗಿಲು ಮುಚ್ಚಿ ಮುಂದುವರಿಸಿ. ಪತ್ರಿಕೆಯ ಮೇಲೆ ಬಣ್ಣದ ನೀರು ಬಿದ್ದರೆ ಅದು ತೊಟ್ಟಿಯೊಳಗಿಂದ, ಎಂದರೆ ಬಾಗಿಲು, ಪಂಪ್ ಅಥವಾ ಡ್ರೈನ್ ಕಡೆಯಿಂದ ಬಂದದ್ದು. ಬಣ್ಣವಿಲ್ಲದ ನೀರು ಬಿದ್ದರೆ ತೊಟ್ಟಿ ಸೇರುವ ಮೊದಲೇ, ಇನ್‌ಲೆಟ್ ಕಡೆಯಲ್ಲೇ ಸೋರುತ್ತಿದೆ. ಪರೀಕ್ಷೆ ಮುಗಿದ ಮೇಲೆ ಒಂದು ಸಲ ಬರೀ ನೀರಿನಲ್ಲಿ ಓಡಿಸಿ.

## ಹಂತ 4: ಏನನ್ನೂ ಬಿಚ್ಚದೆ ಸರಿಹೋಗುವವು

ನೊರೆ. ಡಿಶ್‌ವಾಷರಿನ ಡಿಟರ್ಜೆಂಟ್ ನೊರೆ ಬಾರದಂತೆ ಮಾಡಿದ್ದು. ಸಿಂಕಿನಲ್ಲಿ ಪಾತ್ರೆ ತಿಕ್ಕುವ ಲಿಕ್ವಿಡ್ ಒಂದು ಚಮಚ ಒಳಗೆ ಹೋದರೂ ತೊಟ್ಟಿ ತುಂಬ ನೊರೆ ಏಳುತ್ತದೆ. ಎಷ್ಟೋ ಮಾದರಿಗಳಲ್ಲಿ ಬಾಗಿಲಿನ ದೊಡ್ಡ ರಬ್ಬರ್ ಮೇಲೆ ಮತ್ತು ಎರಡು ಪಕ್ಕಕ್ಕೆ ಮಾತ್ರ; ಕೆಳಗಿನ ಅಂಚಿನಲ್ಲಿ ತೆಳುವಾದ ಪಟ್ಟಿಯಷ್ಟೇ. ನೀರನ್ನು ತಡೆಯಲು ಅದು ಸಾಕು, ನೊರೆಯನ್ನು ತಡೆಯಲು ಸಾಲದು. ರಬ್ಬರ್ ಹೊಸದಾದರೂ ನೊರೆ ಅಲ್ಲಿಂದ ಹೊರಗೆ ಇಣುಕುತ್ತದೆ.

ನಾನು ಡಿಶ್‌ವಾಷರಿನ ಸೋಪನ್ನೇ ಹಾಕಿದ್ದು ಎನ್ನುವವರೂ ಎರಡು ವಿಷಯ ನೋಡಿಕೊಳ್ಳಬೇಕು. ಕೈಯಲ್ಲಿ ಅರೆಬರೆ ತಿಕ್ಕಿ, ಸೋಪು ಪೂರ್ತಿ ತೊಳೆಯದೆ ಪಾತ್ರೆಯನ್ನು ಒಳಗಿಟ್ಟರೂ ನೊರೆ ಬರುತ್ತದೆ. ಪಾತ್ರೆ ಕಲೆಯಿಲ್ಲದೆ ಒಣಗಲೆಂದು ಹಾಕುವ ರಿನ್ಸ್ ಏಡ್ ದ್ರವವನ್ನು ತುಂಬುವಾಗ ಹೊರಗೆ ಚೆಲ್ಲಿದ್ದನ್ನು ಒರೆಸದೆ ಬಿಟ್ಟರೂ ಬರುತ್ತದೆ.

ಗುರುತು ಹಿಡಿಯುವುದು ಸುಲಭ: ನೆಲದ ನೀರು ಬೆರಳಿಗೆ ಜಾರುತ್ತದೆ, ಗುಳ್ಳೆ ಇರುತ್ತದೆ, ಪಂಪಿನ ಸದ್ದು ಗಾಳಿ ಹೀರಿದಂತೆ ಏರಿಳಿಯುತ್ತದೆ. ಆಗ ಪ್ರೋಗ್ರಾಂ ರದ್ದು ಮಾಡಿ, ಬಾಗಿಲು ತೆರೆದು ನೊರೆ ಇಳಿಯಲು ಬಿಡಿ. ಉಳಿದದ್ದನ್ನು ಮೊಗೆದು ತೆಗೆಯಿರಿ. ಒಂದು ಚಮಚ ಅಡುಗೆ ಎಣ್ಣೆಯನ್ನು ತೊಟ್ಟಿಯ ತಳಕ್ಕೆ ಹಾಕಿ ಜಾಲಿಸುವ ಪ್ರೋಗ್ರಾಂ ಓಡಿಸಿದರೆ ಗುಳ್ಳೆ ಒಡೆಯುತ್ತದೆ. ನೊರೆ ಪೂರ್ತಿ ಹೋಗುವವರೆಗೆ ಬರೀ ನೀರಿನಲ್ಲಿ ಮತ್ತೆ ಓಡಿಸಿ.

ಪಾತ್ರೆ ಜೋಡಣೆ. ಕೆಳಗಿನ ಬುಟ್ಟಿಯಲ್ಲಿ ಬಾಗಿಲಿಗೆ ಹತ್ತಿರವಾಗಿ ಓರೆ ನಿಲ್ಲಿಸಿದ ದೊಡ್ಡ ತಟ್ಟೆ ಅಥವಾ ಅಗಲ ಪಾತ್ರೆ, ಮೇಲೆ ಚಿಮ್ಮುವ ನೀರನ್ನು ನೇರ ಬಾಗಿಲ ಅಂಚಿಗೆ ತಿರುಗಿಸುತ್ತದೆ. ಇನ್ನು ಬುಟ್ಟಿಯ ಸಂದಿಯಿಂದ ಕೆಳಗಿಳಿದ ಒಂದು ಸೌಟಿನ ಹಿಡಿ ಸ್ಪ್ರೇ ಆರ್ಮ್ ತಿರುಗದಂತೆ ಅಡ್ಡ ನಿಂತರೆ, ನೀರು ಒಂದೇ ಜಾಗಕ್ಕೆ ಒಂದೇ ಸಮ ಬಡಿಯುತ್ತದೆ. ಯಾವ ರಬ್ಬರೂ ಅದನ್ನು ತಡೆದುಕೊಳ್ಳುವಂತೆ ಮಾಡಿದ್ದಲ್ಲ. ಬಾಗಿಲು ಮುಚ್ಚುವ ಮೊದಲು ಎರಡೂ ಆರ್ಮ್‌ಗಳನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡುವುದು ರೂಢಿಯಾಗಲಿ.

ಮಟ್ಟ. ಬುಟ್ಟಿ ಹೊರತೆಗೆದು, ತೊಟ್ಟಿಯ ಮುಂದಿನ ಅಂಚಿನ ಮೇಲೆ ಎಡದಿಂದ ಬಲಕ್ಕೆ ರಸಮಟ್ಟ ಇಡಿ. ಆಮೇಲೆ ಹಿಂದಿನಿಂದ ಮುಂದಕ್ಕೆ. ಯಂತ್ರ ಮುಂದಕ್ಕೆ ವಾಲಿದ್ದರೆ ನೀರೆಲ್ಲ ಬಾಗಿಲ ಕಡೆ ಸೇರುತ್ತದೆ. ಕಾಲುಗಳನ್ನು ತಿರುಗಿಸಿ ಸರಿಮಾಡಿ. ನಾಲ್ಕೂ ಕಾಲು ನೆಲಕ್ಕೆ ಕೂತಿರಬೇಕು. ಮೂರೇ ಕಾಲಿನ ಮೇಲೆ ನಿಂತ ಯಂತ್ರದ ಚೌಕಟ್ಟು ತಿರುಚಿಕೊಂಡು, ಬಾಗಿಲು ಒಂದು ಮೂಲೆಯಲ್ಲಿ ಬಿಗಿಯಾಗಿ ಇನ್ನೊಂದರಲ್ಲಿ ಸಡಿಲವಾಗಿ ಕೂರುತ್ತದೆ. ನೆಲದ ಟೈಲ್ಸ್ ಬದಲಿಸಿದ ಮೇಲೆ ಅಥವಾ ಮನೆ ಬದಲಿಸಿದ ಮೇಲೆ ಶುರುವಾದ ಸೋರಿಕೆಗೆ ಇಲ್ಲಿಂದಲೇ ಆರಂಭಿಸಿ.

ಇವುಗಳಲ್ಲಿ ಒಂದನ್ನು ಸರಿಮಾಡಿದ ಕೂಡಲೇ ಒಮ್ಮೆ ಓಡಿಸಿ ನೋಡಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕಾರಣವಾಗಿತ್ತು ಎನ್ನುವುದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕು.

## ಹಂತ 5: ಬಾಗಿಲಿನ ರಬ್ಬರ್

ಬದಲಿಸುವ ಮೊದಲು ತೊಳೆಯಿರಿ. ಬೆಚ್ಚನೆ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ರಬ್ಬರಿನ ಮಡಿಕೆಗಳನ್ನು ಬಿಡಿಸಿ ಒರೆಸಿ. ಕೆಳಗಿನ ಎರಡು ಮೂಲೆಗಳಲ್ಲಿ ಜಿಡ್ಡು, ಅನ್ನದ ಅಗುಳು, ಗಾಜಿನ ಚೂರು ಏನೂ ಸಿಕ್ಕಬಹುದು. ಬಾಗಿಲಿನ ಕೆಳ ಅಂಚು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಅಲ್ಲಿ ಕಟ್ಟಿಕೊಂಡ ಜಿಡ್ಡಿನ ಪದರ ಎಲ್ಲಕ್ಕಿಂತ ದಪ್ಪ.

ಆಮೇಲೆ ಕಾಗದದ ಪರೀಕ್ಷೆ. ಒಂದು ಕಾಗದದ ಪಟ್ಟಿಯನ್ನು ರಬ್ಬರಿಗೆ ಅಡ್ಡವಾಗಿಟ್ಟು ಬಾಗಿಲು ಮುಚ್ಚಿ, ಮೆಲ್ಲನೆ ಎಳೆಯಿರಿ. ಹಿಡಿದೆಳೆದಂತೆ ಬಂದರೆ ಸರಿ, ಸಲೀಸಾಗಿ ಜಾರಿದರೆ ಅಲ್ಲಿ ಒತ್ತಡವಿಲ್ಲ. ಸುತ್ತ ಐದಾರು ಕಡೆ ಹೀಗೆ ನೋಡಿ. ಒಂದೇ ಪಕ್ಕದಲ್ಲಿ ಮೇಲಿನಿಂದ ಕೆಳಗಿನವರೆಗೆ ಸಡಿಲವಿದ್ದರೆ ರಬ್ಬರಿಗಿಂತ ಮೊದಲು ಬಾಗಿಲಿನ ಕೀಲನ್ನೂ ಚಿಲಕವನ್ನೂ ಅನುಮಾನಿಸಿ.

ರಬ್ಬರ್ ಗಟ್ಟಿಯಾಗಿ ಬಿರಿದಿದ್ದರೆ, ಹರಿದಿದ್ದರೆ, ಒತ್ತಿದ ಕಡೆ ಮರಳಿ ಉಬ್ಬದಿದ್ದರೆ ಬದಲಿಸಲೇಬೇಕು. ಹಳೆಯದನ್ನು ಕೀಳುವ ಮೊದಲು ಅದು ಹೇಗೆ ಕೂತಿದೆ, ಕೆಳತುದಿ ಎಲ್ಲಿಗೆ ನಿಂತಿದೆ ಎಂಬುದರ ಫೋಟೊ ತೆಗೆದುಕೊಳ್ಳಿ. ಕೊಳ್ಳುವಾಗ ಯಂತ್ರದ ಬ್ರಾಂಡ್ ಹೇಳಿದರೆ ಸಾಲದು. ಬಾಗಿಲ ಅಂಚಿನ ಚೀಟಿಯಲ್ಲಿರುವ ಪೂರ್ತಿ ಮಾಡೆಲ್ ನಂಬರ್ ಕೊಡಿ.

ಹೊಸ ರಬ್ಬರ್ ಮಡಚಿಕೊಂಡು ಬಂದಿದ್ದರೆ ಬೆಚ್ಚನೆ ನೀರಿನಲ್ಲಿ ನೆನೆಸಿ ಸಡಿಲಗೊಳಿಸಿ. ರಬ್ಬರ್ ಕೂರುವ ಸಂದನ್ನು ಪೂರ್ತಿ ಸ್ವಚ್ಛ ಮಾಡಿ. ಮೇಲ್ಭಾಗದ ನಡುವಿನಿಂದ ಒತ್ತಲು ಶುರುಮಾಡಿ, ಎರಡೂ ಪಕ್ಕಕ್ಕೆ ಸಮನಾಗಿ ಇಳಿಯುತ್ತ ಬನ್ನಿ. ಎಲ್ಲರೂ ತಪ್ಪುವುದು ಇಲ್ಲಿಯೇ: ಕೈಯಲ್ಲಿ ಎಳೆಯುತ್ತ ಕೂರಿಸುತ್ತಾರೆ. ಎಳೆದ ರಬ್ಬರ್ ಕೆಲವು ದಿನಗಳಲ್ಲಿ ಮತ್ತೆ ಕುಗ್ಗಿ ಕೆಳತುದಿಗಳಲ್ಲಿ ಸಂದು ಬಿಡುತ್ತದೆ. ಆಗ ಶುರು, ಹೊಸ ರಬ್ಬರ್ ಹಾಕಿದರೂ ಸೋರುತ್ತಿದೆ ಎಂಬ ಗೋಳು. ಎಳೆಯದೆ, ಬೆರಳಿನಿಂದ ಒಳಕ್ಕೆ ಒತ್ತಿ ಮಾತ್ರ ಕೂರಿಸಿ. ಬಿರುಕಿಗೆ ಸೀಲೆಂಟ್ ಮೆತ್ತಿದರೆ ಅಲ್ಲಿ ಉಬ್ಬಾಗಿ, ಅಕ್ಕಪಕ್ಕದಲ್ಲಿ ಹೊಸ ಸಂದು ಬೀಳುತ್ತದೆ.

ಬಾಗಿಲಿನ ಕೆಳಪಟ್ಟಿ ಬೇರೆಯೇ ಬಿಡಿಭಾಗ. ದೊಡ್ಡ ರಬ್ಬರ್ ಕೊಂಡಾಗ ಅದು ಜೊತೆಗೆ ಬಂದಿರಲಾರದು. ಸೋರಿಕೆ ಬಾಗಿಲಿನ ನಡುವಿನಿಂದ ಕೆಳಗೆ ಬೀಳುತ್ತಿದ್ದರೆ ಆ ಪಟ್ಟಿಯನ್ನು ನೋಡಿ.

## ಹಂತ 6: ಸ್ಪ್ರೇ ಆರ್ಮ್ ಮತ್ತು ಫಿಲ್ಟರ್

ಕೆಳಗಿನ ಆರ್ಮ್ ಎರಡು ಪ್ಲಾಸ್ಟಿಕ್ ತುಂಡುಗಳನ್ನು ಬೆಸೆದು ಮಾಡಿದ್ದಾಗಿರುತ್ತದೆ. ಬೆಸುಗೆ ಬಿಟ್ಟರೆ ಪಕ್ಕದಿಂದ ಚಿಮ್ಮುವ ನೀರು ನೇರ ಬಾಗಿಲಿನ ಕೆಳ ಅಂಚಿಗೆ ಬಡಿಯುತ್ತದೆ. ಆರ್ಮ್ ಬಿಡಿಸಿ, ನಡುವಿನ ತೂತಿಗೆ ನಲ್ಲಿ ಹಿಡಿದು ನೀರು ಬಿಡಿ. ರಂಧ್ರಗಳಿಂದ ಬಂದರೆ ಸರಿ, ಅಂಚಿನಿಂದ ಬಂದರೆ ಆರ್ಮ್ ಬದಲಿಸಬೇಕು. ಅಂಟು ಹಾಕಿದರೆ ಬಿಸಿನೀರಿಗೆ ನಿಲ್ಲುವುದಿಲ್ಲ. ಕಟ್ಟಿದ ರಂಧ್ರಗಳನ್ನು ಹಲ್ಲುಕಡ್ಡಿಯಿಂದ ಬಿಡಿಸಿ; ಪಿನ್ನು, ಮೊಳೆ ಹಾಕಿದರೆ ರಂಧ್ರ ಹಿಗ್ಗಿ ನೀರಿನ ದಿಕ್ಕೇ ಬದಲಾಗುತ್ತದೆ.

ಫಿಲ್ಟರ್ ತೆಗೆದು ತೊಳೆದು, ಮತ್ತೆ ತಿರುಗಿಸಿ ಬಿಗಿಯಾಗಿ ಕೂರಿಸಿ. ಸಡಿಲ ಕೂತ ಫಿಲ್ಟರ್ ಮೇಲೆದ್ದು ಆರ್ಮಿಗೆ ತಗುಲುತ್ತದೆ.

## ಹಂತ 7: ಹೊರಗಿನ ಪೈಪುಗಳು

ಎಂಸಿಬಿ ಇಳಿಸಿ, ನಲ್ಲಿ ಮುಚ್ಚಿ, ಯಂತ್ರವನ್ನು ಮುಂದಕ್ಕೆ ಎಳೆಯಿರಿ. ಇದು 30ರಿಂದ 50 ಕೆಜಿ ತೂಗುವ ಪೆಟ್ಟಿಗೆ, ಇಬ್ಬರು ಬೇಕು. ಕಟ್ಟೆಗೆ ಬಿಗಿದ ಸ್ಕ್ರೂ ಬಿಚ್ಚಿದ ಮೇಲೆ ಬಾಗಿಲು ತೆರೆದಿಟ್ಟು ಬುಟ್ಟಿ ಎಳೆದರೆ ಇಡೀ ಯಂತ್ರ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಹಿಂದಿನ ಪೈಪುಗಳು ಎಳೆದು ಬಿಗಿಯಾಗದಂತೆಯೂ ಗಮನವಿರಲಿ.

ಇನ್‌ಲೆಟ್ ಪೈಪ್. ಹೆಚ್ಚಿನವು ಮುಕ್ಕಾಲು ಇಂಚಿನ ನಟ್‌ನಿಂದ ನಲ್ಲಿಗೆ ಸೇರುತ್ತವೆ. ಇಂಥ ಜೋಡಣೆಯಲ್ಲಿ ನೀರು ತಡೆಯುವುದು ಒಳಗಿನ ಚಪ್ಪಟೆ ರಬ್ಬರ್ ವಾಷರ್, ನಟ್ಟಿನ ಮರೆ (ಥ್ರೆಡ್) ಅಲ್ಲ. ಮರೆಗೆ ಟೆಫ್ಲಾನ್ ಟೇಪ್ ಸುತ್ತು ಮೇಲೆ ಸುತ್ತು ಸುತ್ತಿದರೂ ಸೋರಿಕೆ ನಿಲ್ಲದಿರುವುದು ಇದೇ ಕಾರಣಕ್ಕೆ. ವಾಷರ್ ಬದಲಿಸಿ, ಕೈಯಲ್ಲಿ ಬಿಗಿಯಿರಿ, ಬೇಕಾದರೆ ಇಕ್ಕಳದಿಂದ ಕಾಲು ಸುತ್ತು. ಹೆಚ್ಚು ಬಿಗಿದರೆ ವಾಷರ್ ಹಿಂಡಿಹೋಗುತ್ತದೆ, ಪ್ಲಾಸ್ಟಿಕ್ ನಟ್ ಸೀಳುತ್ತದೆ. ಪೈಪ್ ಎಲ್ಲಿಯಾದರೂ ಗುಳ್ಳೆಯಂತೆ ಉಬ್ಬಿದ್ದರೆ ಅಂದೇ ಬದಲಿಸಿ.

ಕೆಲವು ಪೈಪುಗಳ ನಲ್ಲಿಯ ತುದಿಯಲ್ಲಿ ದಪ್ಪ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಸೋರಿದರೆ ನೀರನ್ನು ತಾನೇ ನಿಲ್ಲಿಸುವ ವಾಲ್ವ್ ಅದರೊಳಗಿದೆ, ವಿದ್ಯುತ್ತಿನ ಭಾಗಗಳೂ ಇರಬಹುದು. ಆ ಪೈಪನ್ನು ಕತ್ತರಿಸಬೇಡಿ, ಡಬ್ಬಿಯನ್ನು ನೀರಿನಲ್ಲಿ ಮುಳುಗಿಸಬೇಡಿ.

ಡ್ರೈನ್ ಪೈಪ್. ಬೆರಳಾಡಿಸಿ ತೂತು, ಗೋಡೆಗೆ ಉಜ್ಜಿದ ಗುರುತು ಹುಡುಕಿ. ಕ್ಲಾಂಪ್ ಇರುವ ಕಡೆ ಬಿಳಿ ಪುಡಿಯ ಕಲೆ ಇದ್ದರೆ ಅಲ್ಲಿ ಬಹಳ ಕಾಲದಿಂದ ಜಿನುಗುತ್ತಿದೆ. ಪೈಪ್ ಒಂದು ಕಡೆ ಸಿಂಕಿನ ತಳದ ಎತ್ತರಕ್ಕೆ ಏರಿ ಆಮೇಲೆ ಇಳಿಯಬೇಕು. ಎಷ್ಟು ಎತ್ತರ ಎನ್ನುವುದು ನಿಮ್ಮ ಯಂತ್ರದ ಕೈಪಿಡಿಯಲ್ಲಿರುತ್ತದೆ. ಪೈಪು ಸರಿಯಾಗಿದ್ದೂ ನೀರು ಹೊರಹಾಕುವಾಗ ಸಿಂಕಿನ ಕೆಳಗಿನ ಜೋಡಣೆಯಿಂದ ಉಕ್ಕಿದರೆ ಕಟ್ಟಿಕೊಂಡಿರುವುದು ಮನೆಯ ಕೊಳವೆ.

## ಹಂತ 8: ಮುಚ್ಚಿಕೊಳ್ಳದ ಇನ್‌ಲೆಟ್ ವಾಲ್ವ್

ರಾತ್ರಿ ತೊಟ್ಟಿಯ ನೀರನ್ನೆಲ್ಲ ಹೊರಹಾಕಿಸಿ. ಫಿಲ್ಟರಿನ ಅಡಿಯ ಗುಂಡಿಯಲ್ಲಿ ಸ್ವಲ್ಪ ನೀರು ಉಳಿಯುವುದು ಸಹಜ, ಅದರ ಮಟ್ಟ ಗುರುತಿಟ್ಟುಕೊಳ್ಳಿ. ಯಂತ್ರದ ಪ್ಲಗ್ ತೆಗೆದು, ನೀರಿನ ನಲ್ಲಿಯನ್ನು ಮಾತ್ರ ತೆರೆದಿಡಿ. ನೆಲಕ್ಕೆ ಟವೆಲ್ ಹಾಸಿರಿ.

ಬೆಳಗ್ಗೆ ಒಳಗೆ ತಿಳಿನೀರು ಏರಿದ್ದರೆ ಕರೆಂಟು ಇಲ್ಲದಾಗಲೂ ವಾಲ್ವ್ ನೀರು ಬಿಡುತ್ತಿದೆ. ಅದನ್ನು ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ, ಇಡಿಯಾಗಿ ಬದಲಿಸಿ. ಏರಿದ ನೀರು ಕೊಳಕಾಗಿದ್ದು ಜಿಡ್ಡು ತೇಲುತ್ತಿದ್ದರೆ ವಾಲ್ವ್ ನಿರಪರಾಧಿ, ಸಿಂಕಿನ ನೀರು ಡ್ರೈನ್ ಪೈಪಿನಿಂದ ಹಿಂದಕ್ಕೆ ಬಂದಿದೆ. ತೊಟ್ಟಿಯ ಮೂಲೆಯಲ್ಲಿ ಮೇಲೆ ಕೆಳಗೆ ಆಡುವ ಫ್ಲೋಟ್ ಇರುವ ಮಾದರಿಯಾದರೆ ಅದು ಜಿಡ್ಡಿನಿಂದ ಅಂಟಿಕೊಂಡಿಲ್ಲವೇ ಎಂದೂ ನೋಡಿ. ಕೆಳಗೇ ಅಂಟಿದ ಫ್ಲೋಟ್, ನೀರು ಮಿತಿಮೀರಿದ್ದನ್ನು ಯಂತ್ರಕ್ಕೆ ತಿಳಿಸುವುದಿಲ್ಲ.

## ಹಂತ 9: ತಳದ ತಟ್ಟೆ ಮತ್ತು ಎರರ್ ಕೋಡ್

ಅನೇಕ ಯಂತ್ರಗಳ ತಳದಲ್ಲಿ ಸೋರಿದ ನೀರು ಸೇರುವ ತಟ್ಟೆ, ಅದರಲ್ಲಿ ಹಗುರ ಥರ್ಮೋಕೋಲಿನ ಫ್ಲೋಟ್ ಮತ್ತು ಸ್ವಿಚ್ ಇರುತ್ತವೆ. ನೀರು ಸೇರಿದರೆ ಫ್ಲೋಟ್ ಏಳುತ್ತದೆ, ಯಂತ್ರ ತೊಳೆಯುವುದನ್ನು ನಿಲ್ಲಿಸಿ ಡ್ರೈನ್ ಪಂಪನ್ನು ಬಿಡದೆ ಓಡಿಸುತ್ತದೆ. ಬಾಷ್‌ನಲ್ಲಿ ಇ15, ಎಲೆಕ್ಟ್ರೋಲಕ್ಸ್‌ನಲ್ಲಿ ಐ30, ಎಲ್‌ಜಿಯಲ್ಲಿ ಎಇ, ಸ್ಯಾಮ್‌ಸಂಗ್‌ನಲ್ಲಿ ಎಲ್‌ಸಿ ಎಂದು ತೋರಿಸುವುದು ಇಂಥ ಸೋರಿಕೆಯನ್ನೇ.

ಯಂತ್ರವನ್ನು 45 ಡಿಗ್ರಿ ವಾಲಿಸಿ ನೀರು ಚೆಲ್ಲಿದರೆ ಕೋಡ್ ಹೋಗುತ್ತದೆ ಎಂಬ ಸಲಹೆ ನಿಮಗೂ ಸಿಕ್ಕಿರಬಹುದು. ಕೋಡ್ ಹೋಗುವುದೇನೋ ನಿಜ, ಸೋರಿಕೆ ಹೋಗುವುದಿಲ್ಲ. ನೀರು ಚೆಲ್ಲಿ ತಟ್ಟೆ ಒಣಗಿಸುವುದು ಹುಡುಕಾಟದ ಆರಂಭ ಅಷ್ಟೆ. ವಾಲಿಸುವ ಮೊದಲು ತೊಟ್ಟಿಯ ನೀರನ್ನು ಸ್ಪಂಜಿನಿಂದ ತೆಗೆಯಿರಿ, ಇಲ್ಲದಿದ್ದರೆ ಅದೂ ಚೆಲ್ಲಿ ಗೊಂದಲವಾಗುತ್ತದೆ.

ಒಣಗಿದ ತಟ್ಟೆಯ ಮೇಲೆ ಟಾರ್ಚ್ ಬಿಟ್ಟು ಬಿಳಿ ಗೆರೆ, ತುಕ್ಕಿನ ಜಾಡು, ಜಾರುವ ಪದರ ಹುಡುಕಿ. ನೀರು ಮೇಲಿನಿಂದ ಕೆಳಗೆ ಇಳಿಯುತ್ತದೆ, ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಅತಿ ಎತ್ತರದ್ದು ಯಾವುದೋ ಮೂಲ ಅಲ್ಲಿಯೇ. ಪಂಪಿನ ಅಡಿಗೆ ಮಾತ್ರ ಹನಿ ಕಂಡರೆ ಅದರ ಸೀಲ್, ಒಳಗಿನ ಪೈಪಿನ ತುದಿಯಲ್ಲಿ ಕಂಡರೆ ಅದರ ಕ್ಲಾಂಪ್.

## ಹಂತ 10: ಇಲ್ಲಿಗೆ ನಿಲ್ಲಿಸಿ, ತಿಳಿದವರನ್ನು ಕರೆಯಿರಿ

ಎಂಸಿಬಿ ಅಥವಾ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿತಗೊಳಿಸುವ ಸ್ವಿಚ್) ತಾನಾಗಿ ಬೀಳುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಮೋಟಾರಿನ ತಂತಿಗಳ ಮೇಲೆ ನೀರು ಕಂಡರೆ ಮತ್ತೊಮ್ಮೆ ಆನ್ ಮಾಡಿ ನೋಡೋಣ ಎನ್ನಬೇಡಿ. ಪಂಪಿನ ಸೀಲ್ ಮತ್ತು ತೊಟ್ಟಿಯ ತಳದ ಸೀಲ್ ಬದಲಿಸಲು ಯಂತ್ರವನ್ನು ಅರ್ಧ ಬಿಚ್ಚಬೇಕು, ಅಭ್ಯಾಸವಿಲ್ಲದವರ ಕೆಲಸವಲ್ಲ. ತೊಟ್ಟಿಯೇ ತುಕ್ಕು ಹಿಡಿದು ತೂತಾಗಿದ್ದರೆ ಯಂತ್ರ ಬದಲಿಸುವುದೇ ಲೇಸು. ವಾರಂಟಿ ಇನ್ನೂ ಇದ್ದರೆ ಹೊರಗಿನ ಪೈಪು ಮತ್ತು ಫಿಲ್ಟರ್ ಬಿಟ್ಟು ಯಾವುದಕ್ಕೂ ಕೈ ಹಾಕಬೇಡಿ.

ಬರುವವರಿಗೆ "ಸೋರುತ್ತಿದೆ" ಎಂದಷ್ಟೇ ಹೇಳಬೇಡಿ. 3ನೇ ಹಂತದಲ್ಲಿ ಬರೆದಿಟ್ಟದ್ದನ್ನು ತೋರಿಸಿ.

## ಹಂತ 11: ಸರಿಯಾಯಿತೇ ಎಂದು ನೋಡುವುದು

ಮುಂಪಟ್ಟಿಯನ್ನು ಈಗಲೇ ಹಾಕಬೇಡಿ. ಒಣ ಪತ್ರಿಕೆ ಹಾಸಿ ಮೊದಲು ಖಾಲಿ ಓಡಿಸಿ, ಆಮೇಲೆ ಎಂದಿನಂತೆ ಪಾತ್ರೆ ತುಂಬಿ ಅತಿ ಬಿಸಿಯ ಪ್ರೋಗ್ರಾಂನಲ್ಲಿ ಒಮ್ಮೆ. ತಣ್ಣೀರಿಗೆ ತಡೆದ ರಬ್ಬರ್, ಬಿಸಿಗೆ ಪ್ಲಾಸ್ಟಿಕ್ ಹಿಗ್ಗಿದಾಗ ಬಿಡುವುದುಂಟು. ಯಂತ್ರ ಆಫ್ ಆಗಿ, ನಲ್ಲಿ ತೆರೆದಿರುವಾಗ ಪತ್ರಿಕೆ ಇಡೀ ರಾತ್ರಿ ಅಲ್ಲೇ ಇರಲಿ. ಬೆಳಗ್ಗೆ ಅದು ಒಣಗಿಯೇ ಇದ್ದರೆ ಯಂತ್ರವನ್ನು ಮೆಲ್ಲನೆ ಒಳಕ್ಕೆ ತಳ್ಳಿ, ಹಿಂದಿನ ಡ್ರೈನ್ ಪೈಪ್ ಗೋಡೆಗೆ ಸಿಕ್ಕಿ ಮಡಚಿಲ್ಲವೆಂದು ಟಾರ್ಚ್ ಬಿಟ್ಟು ನೋಡಿ, ರಸಮಟ್ಟ ಇನ್ನೊಮ್ಮೆ ಇಟ್ಟು, ಕಟ್ಟೆಯ ಸ್ಕ್ರೂ ಬಿಗಿದು ಮುಂಪಟ್ಟಿ ಹಾಕಿ.